ರೀಲು ಮುಗಿದ ಮೇಲಿನ ಹಾಡು

ರೀಲಿನ ತುದಿಗೆ ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರಿನ ಚೂರೊಂದನ್ನು ಅಂಟಿಸಿದ್ದರು. ಟೇಪಿನ ಕೊನೆಯ ಅಂಚು ಸಿಬಿರೆದ್ದು ಮತ್ತೆ ಮತ್ತೆ ಹರಿಯುತ್ತಿತ್ತಂತೆ. ಹರಿದಾಗಲೆಲ್ಲ ಹಾಡು ಅಷ್ಟಷ್ಟೇ ಮೊಟಕಾಗುತ್ತಿತ್ತಂತೆ. ಪ್ಲಾಸ್ಟರ್ ಹಾಕಿದ ಮೇಲೆ ಅದು ನಿಂತಿತು. ಚೂರನ್ನು ಬೆಳಕಿಗೆ ಹಿಡಿದು ನೋಡಿದೆ. ಬಟ್ಟೆಯ ನೇಯ್ಗೆಯಲ್ಲಿ ಬೆರಳಿನ ಕೊಳೆ ಸೇರಿ ಬೂದುಬಣ್ಣಕ್ಕೆ ತಿರುಗಿತ್ತು.

ರೀಲು ಫೋರ್ಟ್ ಕೊಚ್ಚಿಯ ಒಬ್ಬ ಗಿಟಾರ್ ವಾದಕರದು. ಆಂಗ್ಲೋ ಇಂಡಿಯನ್ ಮನೆಯವರು. ಹಗಲು ಬಂದರಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಕೆಲಸ. ಹಡಗಿನವನೊಬ್ಬ ಅವರಿಗೆ ಬಿಟ್ಟುಹೋದ ಆ ರೀಲಿನಲ್ಲಿ ಅಮೆರಿಕದ ಒಂದು ತಂಡದ ಹಾಡುಗಳಿದ್ದವು. ಅವನ್ನು ಕೇಳಿ ಕೇಳಿ ಕಲಿತು, ಇನ್ನು ಮೂವರನ್ನು ಸೇರಿಸಿಕೊಂಡು, ಆ ಹಾಡುಗಳನ್ನಷ್ಟೇ ನುಡಿಸುವ ಒಂದು ತಂಡವನ್ನು ಅವರು ಕಟ್ಟಿದ್ದರು. ರೀಲಿನ ಕೊನೆಯ ಹಾಡು ಎಲ್ಲಕ್ಕಿಂತ ದೀರ್ಘವಾದದ್ದು. ಅದು ಮುಗಿಯುವ ಮೊದಲೇ ಟೇಪ್ ಮುಗಿದಿತ್ತು. ರಾಗ ನಿಷಾದದ ಮೇಲೆ ನಿಂತು, ಇನ್ನೇನು ಷಡ್ಜಕ್ಕೆ ಬಂದು ಸೇರಬೇಕು ಅನ್ನುವಾಗ ಕತ್ತರಿಸಿದ ಹಾಗೆ ಸದ್ದಡಗುತ್ತಿತ್ತು. ಹಾಡು ಇರುವುದೇ ಹೀಗೆ ಎಂದು ತಂಡದವರು ಬಹಳ ಕಾಲ ನಂಬಿದ್ದರು. ಸರಿಯಾಗಿ ಅದೇ ಜಾಗದಲ್ಲಿ ನಾಲ್ವರೂ ಒಟ್ಟಿಗೆ ಕೈ ಎತ್ತುತ್ತಿದ್ದರು. ಮುಂದೆ ಇನ್ನೊಬ್ಬ ನಾವಿಕ ಕೇಳಿ, ನಕ್ಕು, ಹಾಡು ಮುಗಿದಿಲ್ಲ, ಟೇಪ್ ಸಾಲಲಿಲ್ಲ ಅಷ್ಟೇ ಎಂದು ತಿಳಿಸಿದ. ಅಷ್ಟು ಹೊತ್ತಿಗೆ ಕೇಳುವವರು ಆ ನಿಲುಗಡೆಗೆ ಒಗ್ಗಿಹೋಗಿದ್ದರು. ಬದಲಾಯಿಸಲು ಅವರು ಬಿಡಲಿಲ್ಲ.

ನಾನಾಗ ತಿರುವನಂತಪುರದ ರೇಡಿಯೋ ನಿಲಯದಲ್ಲಿ ತಾಂತ್ರಿಕ ಸಹಾಯಕಿ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಂದವಳು. ಅಪ್ಪನಿಗೆ ಬ್ಯಾಂಕಿನಲ್ಲಿ ಎರ್ನಾಕುಳಂಗೆ ವರ್ಗವಾಗಿ ಅಪ್ಪ, ಅಮ್ಮ, ತಂಗಿ ಪಾಲಾರಿವಟ್ಟಂನ ಬಾಡಿಗೆ ಮನೆಯಲ್ಲಿದ್ದರು. ನಾನು ತಿರುವನಂತಪುರದಲ್ಲಿ ಹಾಸ್ಟೆಲು. ತಂಗಿ ಎರ್ನಾಕುಳಂನ ಕಾಲೇಜಿಗೆ ಹೋಗುತ್ತಿದ್ದಳು. ಅಮ್ಮ ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳಂನಲ್ಲಿ ಉತ್ತರ ಕೊಡುವವಳು. ಆ ತಂಡದ ಒಂದು ಕಾರ್ಯಕ್ರಮವನ್ನೂ ಅವಳು ತಪ್ಪಿಸಿಕೊಂಡವಳಲ್ಲ.

ಯುವಜನರ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಅಧಿಕಾರಿಗೆ ಕೊಚ್ಚಿಯಿಂದ ಈ ತಂಡಕ್ಕಾಗಿ ಕೋರಿಕೆಗಳು ಬರತೊಡಗಿದ್ದವು. ಹಿರಿಯರು, ಕಥಕಳಿ ಪದಗಳನ್ನು ಬಲ್ಲವರು, ಪಾಶ್ಚಾತ್ಯ ಸಂಗೀತದಲ್ಲಿ ಅವರಿಗೆ ಏನೂ ರುಚಿ ಇರಲಿಲ್ಲ. ಆದರೂ ಕೇಳುಗರು ಕೇಳಿದ್ದನ್ನು ಕೊಡಬೇಕು ಎನ್ನುವ ನಿಷ್ಠೆ ಇತ್ತು. ನನ್ನ ಮನೆ ಎರ್ನಾಕುಳಂನಲ್ಲಿದೆ ಎಂಬ ಒಂದೇ ಕಾರಣಕ್ಕೆ ಹೊತ್ತೊಯ್ಯುವ ಟೇಪ್ ರೆಕಾರ್ಡರನ್ನು ನನ್ನ ಕೈಗೆ ಕೊಟ್ಟು, ಭಾನುವಾರದ ಕಾರ್ಯಕ್ರಮವನ್ನು ಮುದ್ರಿಸಿಕೊಂಡು ಬಾ ಎಂದರು.

ಕಾರ್ಯಕ್ರಮ ನಡೆಯುತ್ತಿದ್ದುದು ಫೋರ್ಟ್ ಕೊಚ್ಚಿಯ ಚರ್ಚೊಂದರ ಹಾಲ್‌ನಲ್ಲಿ, ಭಾನುವಾರ ಮಧ್ಯಾಹ್ನ. ನೆಲಕ್ಕೆ ತೆಂಗಿನ ನಾರಿನ ಚಾಪೆ. ಕಾಲೇಜಿನವರು, ಬಂದರಿನ ಕೆಲಸಗಾರರು, ಆಫೀಸು ಹುಡುಗಿಯರು, ಡ್ಯೂಟಿ ಮುಗಿಸಿ ಬಂದ ನರ್ಸು, ಎಲ್ಲರೂ ತಮ್ಮ ತಮ್ಮ ಹಳೆಯ ಜಾಗದಲ್ಲೇ ಕುಳಿತಿದ್ದರು. ಗಿಟಾರಿನವರನ್ನು ಅವರು ಕರೆಯುತ್ತಿದ್ದುದು ಆಶಾನ್ ಎಂದು, ಅಂದರೆ ಗುರು. ಹಿಂದಿನ ಕಾರ್ಯಕ್ರಮಗಳಿಗೆಲ್ಲ ಒಂದೊಂದು ಹೆಸರಿತ್ತು: ತಂತಿ ಹರಿದ ಭಾನುವಾರ, ಕರೆಂಟು ಹೋದ ಭಾನುವಾರ, ಪಾದ್ರಿ ಬಂದು ಕುಳಿತ ಭಾನುವಾರ. ಒಂದೇ ಹಾಡು ಒಂದೊಂದು ಸಲ ಒಂದೊಂದು ದಾರಿ ಹಿಡಿಯುತ್ತಿತ್ತು. ನಡುವೆ ನಾಲ್ವರೂ ಎಲ್ಲೋ ಹೊರಟುಬಿಡುತ್ತಿದ್ದರು. ಎಲ್ಲಿಗೆ ಎಂದು ಅವರಿಗೂ ಗೊತ್ತಿರುತ್ತಿರಲಿಲ್ಲ. ಒಬ್ಬರು ಒಂದು ಸಣ್ಣ ಸ್ವರಗುಚ್ಛವನ್ನು ಹಿಡಿದರೆ ಉಳಿದವರು ಅದನ್ನು ಹಿಂಬಾಲಿಸುತ್ತಿದ್ದರು. ಚಾಪೆಯ ಮೇಲಿದ್ದವರು ಚಪ್ಪಾಳೆ ಹೊಡೆಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಎಲ್ಲೋ ಒಂದು ತಿರುವು ಬಂದಾಗ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಿದ್ದರು. ಕೊನೆಯಲ್ಲಿ ನಿಷಾದದ ಮೇಲೆ ಕೈ ಎತ್ತಿದಾಗ ಹಾಲ್‌ನಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಎಲ್ಲರೂ ಹಾಗೆಯೇ ಎದ್ದು ಹೊರಗೆ ನಡೆದರು.

ನಿಜವಾದ ಗಲಾಟೆ ಇದ್ದದ್ದು ಎರ್ನಾಕುಳಂಗೆ ಮರಳುವ ಬೋಟಿನಲ್ಲಿ. ಹಾಡಿನ ಉಳಿದ ಭಾಗ ಹೇಗಿರಬಹುದು ಎಂದು ಒಬ್ಬೊಬ್ಬರೂ ಹಾಡಿ ತೋರಿಸಬೇಕು. ಅದು ಅವರ ಪದ್ಧತಿ. ನಿಷಾದದಿಂದ ಒಬ್ಬ ಮೇಲಕ್ಕೆ ಹೋಗುವನು, ಇನ್ನೊಬ್ಬಳು ಇಳಿಯುವಳು. ಉಳಿದವರು ತೀರ್ಪು ಕೊಡುವರು, ಗೇಲಿ ಮಾಡುವರು. ನರ್ಸು ಹಾಡಿದ್ದಕ್ಕೆ, ಅದು ಜ್ವರದ ರೋಗಿಯನ್ನು ಮಲಗಿಸುವ ಹಾಡು ಎಂದರು. ತಂಗಿ ಹಾಡಿದ್ದನ್ನು ಪೂರ್ತಿ ಕೇಳಿ, ಪರವಾಗಿಲ್ಲ, ಮುಂದಿನ ವಾರ ಬಾ ಎಂದರು. ನನ್ನ ಸರದಿ ಬಂದಾಗ ನಾನು ಟೇಪ್ ರೆಕಾರ್ಡರಿನ ಪಟ್ಟಿ ಸರಿಮಾಡಿಕೊಳ್ಳುತ್ತ ತಲೆಯಾಡಿಸಿದೆ. ಚಿಕ್ಕಂದಿನಿಂದ ವೀಣೆ ಕಲಿತವಳು ನಾನು, ಆದರೆ ಜನರ ಮುಂದೆ ಬಾಯಿ ತೆರೆದವಳಲ್ಲ. ಮನಸ್ಸಿನಲ್ಲಿ ಮಾತ್ರ ಆ ನಿಷಾದ ಜೆಟ್ಟಿ ತಲುಪುವವರೆಗೂ ನಿಂತೇ ಇತ್ತು. ಮನೆಗೆ ಬಂದು ಮಲಗಿದ ಮೇಲೂ ನಿಂತಿತ್ತು. ಅಪೂರ್ಣವಾದದ್ದನ್ನು ಹಾಗೇ ಬಿಟ್ಟು ಬದುಕುವುದು ನನಗೆ ಬಾರದ ವಿದ್ಯೆ. ಅವರು ಅದನ್ನೇ ಒಂದು ಸಂತೋಷ ಮಾಡಿಕೊಂಡಿದ್ದು ಕಂಡು ಹೊಟ್ಟೆಕಿಚ್ಚಾಯಿತು ಎಂದರೂ ತಪ್ಪಿಲ್ಲ.

ಮುದ್ರಿಸಿಕೊಂಡು ಹೋದದ್ದು ಕೆಲಸಕ್ಕೆ ಬರಲಿಲ್ಲ. ಹಾಲ್‌ನ ವಿದ್ಯುತ್ತು ಏರಿಳಿಯುತ್ತಿತ್ತು. ವೋಲ್ಟೇಜ್ ಇಳಿದಾಗಲೆಲ್ಲ ರೆಕಾರ್ಡರಿನ ಮೋಟಾರು ನಿಧಾನವಾಗಿತ್ತು. ನಿಲಯದಲ್ಲಿ ಸರಿಯಾದ ವೇಗದಲ್ಲಿ ಹಾಕಿದರೆ ಆ ಜಾಗಗಳಲ್ಲೆಲ್ಲ ಶ್ರುತಿ ಮೇಲೇರಿ ಗಿಟಾರು ಕೀಚಲಾಗಿ ಕೇಳಿಸಿತು. ಅಧಿಕಾರಿ ಕೇಳಿ, ಇವರೆಲ್ಲರಿಗೂ ಒಟ್ಟಿಗೆ ಹಲ್ಲುನೋವೇ ಎಂದು ಕೇಳಿದರು. ತಂಡವನ್ನೇ ತಿರುವನಂತಪುರಕ್ಕೆ ಕರೆಸುವುದೆಂದಾಯಿತು. ಮೊದಲೇ ಮುದ್ರಿಸಿಟ್ಟುಕೊಳ್ಳೋಣ ಎಂದೆ. ಆದರೆ ವರ್ಕ್‌ಶಾಪಿನವರಿಗೆ ಬಿಡುವಿದ್ದದ್ದು ಭಾನುವಾರ, ಸ್ಟುಡಿಯೋ ಬಿಡುವಿದ್ದದ್ದು ಆ ಸಂಜೆ ಪ್ರಸಾರದ ಹೊತ್ತಿನಲ್ಲಿ ಮಾತ್ರ. ಆದ್ದರಿಂದ ನೇರ ಪ್ರಸಾರ. ಎರಡು ಟೇಪ್ ಯಂತ್ರಗಳಲ್ಲಿ ಒಂದು ಕೆಟ್ಟಿತ್ತು, ಇನ್ನೊಂದರಲ್ಲಿ ಸಂಜೆಯೆಲ್ಲ ನಾಟಕದ ಕೆಲಸ, ಹೊತ್ತೊಯ್ಯುವ ರೆಕಾರ್ಡರು ಆ ದಿನ ಬೇರೊಬ್ಬರ ಪಾಲಾಗಿತ್ತು. ಗಾಳಿಗೆ ಹೋದದ್ದು ಹೋಯಿತು, ನಮ್ಮಲ್ಲಿ ಏನೂ ಉಳಿಯುವುದಿಲ್ಲ.

ಹಾಡು ಅರ್ಧಕ್ಕೆ ನಿಲ್ಲುತ್ತದೆ ಎಂದು ತಿಳಿದಾಗ ಅಧಿಕಾರಿ ಒಪ್ಪಲಿಲ್ಲ. ಮುಂದಿನ ವಾರ್ತೆಯವರೆಗೆ ಮೌನವಿದ್ದರೆ ಕೇಳುಗರು ನಮ್ಮ ಟ್ರಾನ್ಸ್‌ಮಿಟರ್ ಕೆಟ್ಟಿತು ಅಂದುಕೊಳ್ಳುತ್ತಾರೆ ಎಂದರು. ಮೂಲ ಹಾಡಿನ ಡಿಸ್ಕ್ ನಮ್ಮ ಸಂಗ್ರಹದಲ್ಲಿದೆಯೇ ನೋಡು, ಇವರು ನಿಲ್ಲಿಸಿದ ಕೂಡಲೇ ಮೂಲದ ಉಳಿದ ಭಾಗವನ್ನು ಹಾಕಿಬಿಡು, ಕೇಳುಗರಿಗೂ ತೃಪ್ತಿಯಾಗುತ್ತದೆ ಎಂದರು. ತಾಂತ್ರಿಕವಾಗಿ ಅದು ತಪ್ಪಿಲ್ಲದ ಯೋಚನೆ. ರೀಲನ್ನು ಗಿಟಾರಿನವರಿಂದ ತರಿಸಿಕೊಂಡದ್ದೂ ಇದಕ್ಕಾಗಿಯೇ, ಡಿಸ್ಕ್ ಸಿಕ್ಕರೆ ಯಾವ ಜಾಗದಿಂದ ಹಾಕಬೇಕು ಎಂದು ಗುರುತಿಸಲು. ರೀಲು ಕೊಡುವಾಗ ಅವರು ಒಂದೇ ಮಾತು ಹೇಳಿದ್ದರು: ಉಳಿದದ್ದು ಸಿಕ್ಕರೆ ಮೊದಲು ನನಗೆ ಕೇಳಿಸಿ, ಮಿಸ್.

ಆ ವಾರದ ರಜೆಯಲ್ಲಿ ಮನೆಗೆ ಹೋದಾಗ ವಿಷಯವನ್ನು ತಂಗಿಗೆ ಹೇಳಿದೆ. ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ನನ್ನತ್ತ ತಿರುಗಿದಳು.

"ಅಕ್ಕಾ, ವೇಂಡ. ಹುಡುಕ್ಬೇಡ."

ಯಾಕೆ ಎಂದೆ.

"ಸಿಕ್ಕಿದರೆ ಮುಗೀತಲ್ಲ. ಅದು ಗೊತ್ತಾದ ಮೇಲೆ ನಾವು ಬೋಟಲ್ಲಿ ಸುಮ್ನೆ ಕೂತ್ಕೊಂಡು ಬರೋದಾ? ಎಲ್ಲರೂ ಬರೋ ಹಾಗೆ?"

ಕೆಲಸ ಅದು, ನನಗೆ ಬಿಟ್ಟದ್ದಲ್ಲ ಎಂದೆ. ಸಿಕ್ಕಿದರೂ ಸಿಗಲಿಲ್ಲ ಅನ್ನು, ನಿನ್ನ ಸಾರ್‌ಗೆ ಏನು ಗೊತ್ತಾಗುತ್ತೆ ಎಂದಳು. ಆಮೇಲೆ ಊಟಕ್ಕೆ ನನ್ನ ಪಕ್ಕ ಬಿಟ್ಟು ಅಮ್ಮನ ಪಕ್ಕ ಹೋಗಿ ಕೂತಳು. ಅವಳ ತಟ್ಟೆಯಲ್ಲಿ ಅವಿಯಲ್ ಹಾಗೇ ಉಳಿಯಿತು. 

ಡಿಸ್ಕ್ ಸಿಕ್ಕಿತು. ಯಾವುದೋ ವಿದೇಶಿ ಸಂಸ್ಥೆ ಉಡುಗೊರೆಯಾಗಿ ಕಳಿಸಿದ್ದ ಪೆಟ್ಟಿಗೆಯಲ್ಲಿ, ಯಾರೂ ಒಮ್ಮೆಯೂ ಹಾಕದ, ಒಳಕವಚದ ಕಾಗದ ಇನ್ನೂ ಅಂಟಿಕೊಂಡಿದ್ದ ಡಿಸ್ಕ್. ಬಾಗಿಲು ಹಾಕಿಕೊಂಡು ಕೇಳಿದೆ. ರೀಲು ಮುಗಿಯುವ ಜಾಗ ಬಂತು. ಹಾಡು ಆ ಜಾಗವನ್ನು ದಾಟಿತು. ದಾಟಿ, ಅದೇ ನಿಷಾದದ ಸುತ್ತ ಅದೇ ಸ್ವರಗಳನ್ನು ಮತ್ತೆ ನುಡಿಸಿತು, ಮತ್ತೆ ನುಡಿಸಿತು, ಪ್ರತಿ ಸಲವೂ ಸ್ವಲ್ಪ ಮೆಲ್ಲಗೆ, ಇನ್ನೂ ಮೆಲ್ಲಗೆ, ಆಮೇಲೆ ಸೂಜಿ ಉಜ್ಜುವ ಸದ್ದು. ಅಷ್ಟೇ. ಷಡ್ಜ ಬರಲೇ ಇಲ್ಲ. ಇದು ನನಗೆ ಚೆನ್ನಾಗಿ ಗೊತ್ತಿರುವ ಕೆಲಸ, ದಿನವೂ ಮಾಡುತ್ತೇನೆ. ವಾದಕರು ನುಡಿಸುತ್ತಲೇ ಇರುತ್ತಾರೆ, ಗಾಜಿನ ಈಚೆ ಕುಳಿತವರು ಗುಬುಟು ತಿರುಗಿಸಿ ಶಬ್ದವನ್ನು ಇಳಿಸಿಬಿಡುತ್ತಾರೆ. ಇಷ್ಟು ಜನ ಇಷ್ಟು ಭಾನುವಾರ ಬೋಟಿನಲ್ಲಿ ಹುಡುಕಿದ ಕೊನೆ ಅಲ್ಲಿ ಇರಲಿಲ್ಲ.

ಅಧಿಕಾರಿಗೆ ಹೇಳಿದೆ. ಇದ್ದಷ್ಟನ್ನೇ ಹಾಕು, ಮೆಲ್ಲಗೆ ಮುಗಿದರೆ ವಾರ್ತೆಗೆ ಮುಂಚೆ ಚೆನ್ನಾಗಿಯೇ ಇರುತ್ತದೆ ಎಂದರು.

ಪ್ರಸಾರದ ದಿನ ತಂಡ ಮಧ್ಯಾಹ್ನವೇ ಬಂತು. ನಮ್ಮ ಸ್ಟುಡಿಯೋ ಕಟ್ಟಿದ್ದು ಕೊರಳಿಗೂ ವೀಣೆಗೂ. ಗಿಟಾರಿನ ಆಂಪ್ಲಿಫೈಯರಿಗೆ ಪ್ಲಗ್ ಹಾಕಿದ ಕೂಡಲೇ ದುಂಬಿ ಹೊಕ್ಕಂತೆ ಗುಂಯ್ ಎಂದು ಮೊರೆಯತೊಡಗಿತು. ತಂತಿ ಬದಲಿಸಿದೆ, ಪ್ಲಗ್ ತಿರುಗಿಸಿದೆ, ಹೋಗಲಿಲ್ಲ. ಕೊನೆಗೆ ಅದರ ಲೋಹದ ಮೈಯಿಂದ ಒಂದು ತಂತಿ ಎಳೆದು ಕಾರಿಡಾರಿನ ನೀರಿನ ಪೈಪಿಗೆ ಸುತ್ತಿದ ಮೇಲೆ ಸುಮ್ಮನಾಯಿತು. ಡ್ರಮ್ಮಿನೊಳಗೆ ಕಾವಲುಗಾರನ ಕಂಬಳಿ ತುರುಕಿ, ಅದನ್ನು ಮೈಕಿನಿಂದ ಆದಷ್ಟು ದೂರದ ಮೂಲೆಗೆ ತಳ್ಳಿದೆವು. ಆಮೇಲೆ ಗಿಟಾರಿನವರನ್ನು ಡಿಸ್ಕ್ ಕೇಳುವ ಸಣ್ಣ ಕೋಣೆಗೆ ಕರೆದುಕೊಂಡು ಹೋದೆ. ಮಾತು ಕೊಟ್ಟಿದ್ದೆ.

ಅವರು ಕೂರಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತು ಕೇಳಿದರು. ಇನ್ನೊಮ್ಮೆ ಹಾಕಿ ಎಂದರು. ಹಾಕಿದೆ.

"ಅವರೂ ಮುಗಿಸಿಲ್ಲ," ಎಂದರು. "ನುಡಿಸ್ತಾ ಇದಾರೆ. ಯಾರೋ ಬಾಗಿಲು ಹಾಕಿಬಿಟ್ಟಿದಾರೆ."

ಇವತ್ತು ನೀವು ನಿಲ್ಲಿಸಿದ ಮೇಲೆ ನಾನು ಇದನ್ನೇ ಹಾಕಬೇಕಾಗಿದೆ ಎಂದು ಹೇಳಿದೆ. ಅವರು ಡಿಸ್ಕಿನ ನಡುವಿನ ಕೆಂಪು ಲೇಬಲ್ಲನ್ನು ಬಗ್ಗಿ ನೋಡಿದರು. ಆಮೇಲೆ, ಹಾಲ್‌ನಲ್ಲಿ ಎಲ್ಲರೂ ಒಂದು ರೇಡಿಯೋ ಇಟ್ಟುಕೊಂಡು ಕೂತಿರುತ್ತಾರೆ, ನಿಮ್ಮ ತಂಗಿಯೂ ಇರುತ್ತಾಳೆ ಎಂದರು. ಆಸ್ಟ್ರೇಲಿಯಾದಲ್ಲಿರುವ ಅಣ್ಣನ ಹತ್ತಿರ ಹೋಗಲು ನನ್ನ ಕಾಗದಪತ್ರವೆಲ್ಲ ಆಗಿದೆ, ಮುಂದಿನ ಹಡಗಿಗೇ ಹೊರಡುತ್ತಿದ್ದೇನೆ, ಚಾಪೆಯ ಮೇಲೆ ಕೂರುವ ಅವರಿಗೆ ಇನ್ನೂ ಹೇಳಿಲ್ಲ ಎಂದೂ ಹೇಳಿದರು. ಅದನ್ನು ಯಾಕೆ ನನಗೆ ಹೇಳಿದರೋ ತಿಳಿಯದು. ನಾನು ಡಿಸ್ಕನ್ನು ಕವಚದೊಳಗೆ ಹಾಕಿದೆ. 

ಸಂಜೆ ಅರ್ಧ ಗಂಟೆಯ ಕಾರ್ಯಕ್ರಮ, ಅದರ ಬೆನ್ನಿಗೇ ದೆಹಲಿಯ ವಾರ್ತೆ. ವಾರ್ತೆ ಯಾರಿಗಾಗಿಯೂ ಕಾಯುವುದಿಲ್ಲ. ಡಿಸ್ಕನ್ನು ತಿರುಗುಮಣೆಯ ಮೇಲಿಟ್ಟು, ಜಾಗ ಹುಡುಕಿ ಸೂಜಿ ಇಳಿಸಿ, ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಸಿದ್ಧವಾಗಿಟ್ಟುಕೊಂಡೆ. ಗಿಟಾರಿನ ಮೈಕಿನ ಗುಬುಟಿನ ಮೇಲೆ ಒಂದು ಕೈ, ಡಿಸ್ಕಿನ ಗುಬುಟಿನ ಮೇಲೆ ಇನ್ನೊಂದು. ಅಧಿಕಾರಿ ನನ್ನ ಹಿಂದೆ ನಿಂತಿದ್ದರು. ಗಾಜಿನ ಆಚೆ ಕೆಂಪು ದೀಪ ಹತ್ತಿತು.

ಅವರು ನುಡಿಸಿದ್ದನ್ನು ವರ್ಣಿಸಲು ಹೋಗುವುದಿಲ್ಲ. ಮೀಟರಿನ ಮುಳ್ಳು ಕೆಂಪಿಗೆ ಹೋಗದಂತೆ ನೋಡಿಕೊಳ್ಳುವುದರಲ್ಲೇ ನನ್ನ ಅರ್ಧ ಗಮನವಿತ್ತು. ಹಾಲ್‌ನಲ್ಲಿ ಕೇಳಿದ್ದಕ್ಕಿಂತ ಅವರು ದೂರ ಹೋದರು, ಆದರೆ ಮೊದಲಿನಷ್ಟು ಅವಸರವಿಲ್ಲದೆ; ಊರು ಬಿಡುವವರು ಬೀದಿ ಬೀದಿ ನಡೆದು ನೋಡುವಂತೆ. ಹಾಗೆ ತಿರುಗಿ ತಿರುಗಿ ನಿಷಾದಕ್ಕೆ ಬಂದರು. ನಾಲ್ವರೂ ಕೈ ಎತ್ತಿದರು.

ಅಧಿಕಾರಿ ನನ್ನ ಭುಜದ ಬಳಿ, ಹಾಕು ಮೋಳೇ ಎಂದರು. ಮಗಳೇ ಎಂದು. ಅವರು ನನ್ನನ್ನು ಯಾವಾಗಲೂ ಹಾಗೇ ಕರೆಯುತ್ತಿದ್ದರು.

ನಾನು ಗುಬುಟು ತಿರುಗಿಸಲಿಲ್ಲ. ತಿರುಗಿಸಬಾರದೆಂದು ಮೊದಲೇ ನಿಶ್ಚಯಿಸಿದ್ದೆನೇ ಎಂದರೆ, ಇಲ್ಲ. ಮುಳ್ಳು ಸೊನ್ನೆಗೆ ಬಿದ್ದಿತ್ತು. ರೇಡಿಯೋದಲ್ಲಿ ಕೆಲಸ ಮಾಡುವವರಿಗೆ ಆ ಮೌನ ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ. ನಮಗೆ ಕಲಿಸಿದ್ದೇ ಅದನ್ನು ಆಗಗೊಡಬಾರದೆಂದು. ಆ ಮೌನದೊಳಗೆ ಕೊಚ್ಚಿಯ ಹಾಲ್‌ನ ಚಾಪೆಯ ಮೇಲೆ ಉಸಿರು ಹಿಡಿದು ಕುಳಿತವರು ಇದ್ದರು. ಗಿಟಾರಿನವರು ಗಾಜಿನ ಮೂಲಕ ನನ್ನನ್ನು ನೋಡಿದರು, ಡಿಸ್ಕ್ ಶುರುವಾಯಿತೇ ಎಂದು. ನಾನು ಇಲ್ಲ ಎಂದು ತಲೆಯಾಡಿಸಿದೆ.

ಅವರು ಕೈಯನ್ನು ಮತ್ತೆ ತಂತಿಯ ಮೇಲಿಟ್ಟರು.

ಒಬ್ಬರೇ ಶುರು ಮಾಡಿದರು. ಉಳಿದವರು ಗಾಬರಿಯಿಂದ ಮುಖ ಮುಖ ನೋಡಿಕೊಂಡು ಒಬ್ಬೊಬ್ಬರಾಗಿ ಸೇರಿಕೊಂಡರು. ಅಷ್ಟರಲ್ಲಿ ಡ್ಯೂಟಿ ರೂಮಿನ ಫೋನು ಬಡಿದುಕೊಳ್ಳತೊಡಗಿತು. ಲೈನು ಹರಿಯಿತೇ ಎಂದು ಟ್ರಾನ್ಸ್‌ಮಿಟರಿನವರು. ಅಧಿಕಾರಿ ನನ್ನನ್ನೊಮ್ಮೆ ನೋಡಿ, ನಾಳಿದ್ದು ಮಾತಾಡೋಣ ಎಂದಷ್ಟೇ ಹೇಳಿ ಫೋನಿಗೆ ಹೋದರು. ಗಡಿಯಾರದ ಮುಳ್ಳು ವಾರ್ತೆಗೆ ಹತ್ತಿರವಾಗಿತ್ತು. ಸಂಗೀತ ಇನ್ನೂ ನಿಷಾದದಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು. ನನ್ನ ಕೈಯಾರೆ ನಾನು ಶಬ್ದ ಇಳಿಸಿದೆ, ದೆಹಲಿಯ ಲೈನು ಕೊಟ್ಟೆ, ಕೆಂಪು ದೀಪ ಆರಿಸಿದೆ. ಆ ಕೆಲಸದಲ್ಲಿ ಒಂದು ಕ್ಷಣದ ತಪ್ಪೂ ಆಗಲಿಲ್ಲ.

ದೀಪ ಆರಿದ್ದನ್ನು ಡ್ರಮ್ಮಿನವರು ನೋಡಿ ತಲೆಯೆತ್ತಿದರು. ಗಿಟಾರಿನವರು ನೋಡಿಯೂ ನಿಲ್ಲಿಸಲಿಲ್ಲ. ಕೋಣೆಯ ಸ್ಪೀಕರು ನನಗಾಗಿ ಮಾತ್ರ ತೆರೆದಿತ್ತು. ಕೆಳಗಿನ ಪಂಚಮದಲ್ಲಿ ಸ್ವಲ್ಪ ಕುಳಿತು, ಮೇಲೇಳುವಂತೆ ಮಾಡಿ ಏಳದೆ, ಒಂದು ಕಡೆ ತಂತಿಯನ್ನು ಎಳೆದು ಋಷಭವನ್ನು ಮುಟ್ಟಿಸಿ, ಕೊನೆಗೆ ಅದು ಬಹಳ ಸರಳವಾಗಿ ಷಡ್ಜಕ್ಕೆ ಬಂದು ನಿಂತಿತು. ಹೊರಗಿನಿಂದ ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಷ್ಟು ಸರಳವಾಗಿ.  

ವಾದ್ಯಗಳನ್ನು ಕಟ್ಟುವಾಗ ಅವರು, ಎಲ್ಲಿಯವರೆಗೆ ಹೋಯಿತು ಎಂದು ಕೇಳಿದರು. ಹೇಳಿದೆ.

"ಹಾಗಾದರೆ ಉಳಿದದ್ದನ್ನು ಕೇಳಿದ್ದು ನೀವೊಬ್ಬರೇ, ಮಿಸ್."

ಇನ್ನೊಮ್ಮೆ ನುಡಿಸುತ್ತೀರಾ ಎಂದು ಕೇಳಬೇಕೆಂದಿದ್ದೆ. ಕೇಳಿದ್ದು, ಪೈಪಿಗೆ ಸುತ್ತಿದ ತಂತಿ ನಿಮ್ಮದೋ ನಮ್ಮದೋ ಎಂದು. ನಿಮ್ಮದೇ ಎಂದು ಅವರು ಅದನ್ನು ನೀಟಾಗಿ ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟರು. ಅವರು ಆ ರಾತ್ರಿ ತಿರುವನಂತಪುರದಲ್ಲೇ ಉಳಿಯುವವರಿದ್ದರು. ನನಗೆ ಮರುದಿನ ಡ್ಯೂಟಿ ಇರಲಿಲ್ಲ. ಎರ್ನಾಕುಳಂನ ರೈಲು ಹತ್ತಿದೆ. ಹೆಂಗಸರ ಡಬ್ಬಿಯಲ್ಲಿ ಪಕ್ಕದವರು ಮಾತಾಡಿಸಿದರೂ ಬರೀ ತಲೆಯಾಡಿಸಿದೆ. ಬಾಯಿ ಬಿಟ್ಟರೆ ಆ ಸ್ವರಗಳು ಚೆದುರಿಬಿಡುತ್ತವೆ ಎಂಬ ಭಯ. ಸೆರಗಿನೊಳಗೆ ಬೆರಳುಗಳು ಇಲ್ಲದ ವೀಣೆಯ ಮೆಟ್ಟಿಲುಗಳನ್ನು ಹುಡುಕುತ್ತಿದ್ದವು.

ಬೆಳಿಗ್ಗೆ ಮನೆಗೆ ತಲುಪಿದಾಗ ತಂಗಿ ಹಿತ್ತಲ ಕಲ್ಲಿನ ಬಳಿ ಬಟ್ಟೆ ಒಗೆಯುತ್ತಿದ್ದಳು. ಅಮ್ಮ, ಹೇಳ್ದೆ ಕೇಳ್ದೆ ಬಂದ್ಯಲ್ಲ, ಹುಷಾರಾಗಿದೀಯಾ ಎಂದು ಕೇಳಿ ಕಾಫಿಗೆ ಇಟ್ಟಳು. ನಾನು ನೇರ ಹಿತ್ತಲಿಗೆ ಹೋದೆ. ತಂಗಿ ನನ್ನನ್ನು ಕಂಡು ಒದ್ದೆ ಕೈಯನ್ನೇ ಮುಂದೆ ಮಾಡಿ ತಡೆದಳು.

"ಏನೂ ಹೇಳ್ಬೇಡ. ನೀನು ಅಲ್ಲೇ ಇದ್ದವಳು."

ಆಮೇಲೆ ತಾನೇ ಹೇಳತೊಡಗಿದಳು. ನಿಂತ ಮೇಲೆ ಮತ್ತೆ ಶುರುವಾದಾಗ ಹಾಲ್‌ನಲ್ಲಿ ನರ್ಸು ಅತ್ತೇಬಿಟ್ಟಳಂತೆ. ವಾರ್ತೆ ಬಂದಾಗ ಯಾರೋ ರೇಡಿಯೋಗೆ ಬೈದರಂತೆ. ಬೋಟಿನಲ್ಲಿ ಹಿಂದೆಂದೂ ಆಗದಷ್ಟು ಜಗಳವಂತೆ, ಯಾಕೆಂದರೆ ಈಗ ಶುರುಮಾಡಬೇಕಾದ ಜಾಗವೇ ಬೇರೆ. ಇದಕ್ಕೆ ವಾರ್ತೆ ಬಂದ ಭಾನುವಾರ ಎಂದು ಹೆಸರಿಟ್ಟಿದ್ದಾರಂತೆ. ಮುಂದಿನ ವಾರ ಆಶಾನ್ ಎಲ್ಲಿಗೆ ನಿಲ್ಲಿಸುತ್ತಾರೋ ನೋಡಬೇಕು ಎಂದಳು. ಹಡಗಿನ ಸುದ್ದಿ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದು ಅವರು ಹೇಳಬೇಕಾದದ್ದು.

ಅವಳು ತನ್ನದನ್ನು ಹಾಡಿದಳು. ಚೆನ್ನಾಗಿತ್ತು, ಮೇಲಕ್ಕೆ ಹೋಗಿ ಅಲ್ಲೇ ತೂಗುತ್ತಿತ್ತು. "ಈಗ ನಿಂದು," ಎಂದಳು, ನಾನು ಎಂದಿನಂತೆ ತಲೆಯಾಡಿಸುತ್ತೇನೆ ಎಂದುಕೊಂಡು.

ನಾನು ಹಾಡಿದೆ. ಹಿತ್ತಲಲ್ಲಿ, ಹಗಲು ಹೊತ್ತಿನಲ್ಲಿ, ಪಕ್ಕದ ಮನೆಯವರಿಗೂ ಕೇಳುವಂತೆ. ಪಂಚಮದಲ್ಲಿ ಕುಳಿತದ್ದು, ಏಳದೆ ಉಳಿದದ್ದು, ಎಳೆದ ಋಷಭ, ಕೊನೆಗೆ ಷಡ್ಜ. ಒಂದೂ ತಪ್ಪಲಿಲ್ಲ. ಅವಳು ತಲೆ ವಾರೆ ಮಾಡಿ, ಬೋಟಿನಲ್ಲಿ ತೀರ್ಪು ಕೊಡುವವರ ಹಾಗೆ ಪೂರ್ತಿ ಕೇಳಿದಳು.

"ನಿನ್ನ ದನಿ ಚೆನ್ನಾಗಿದೆ," ಎಂದಳು. "ಆದರೆ ಹೀಗಿರಲ್ಲ ಅಕ್ಕಾ. ಆಶಾನ್ ಇಷ್ಟು ಬೇಗ ಮನೆಗೆ ಬರೋರಲ್ಲ."

ಇರಬಹುದು ಎಂದೆ. ಅವಳು ಒದ್ದೆ ಸೀರೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಎದುರೆದುರು ನಿಂತು, ನೀರು ಪೂರ್ತಿ ಇಳಿಯುವವರೆಗೆ ಅದನ್ನು ಹಿಂಡಿದೆವು.